ತೋಟದ ಮನೆಯ ಬೆಕ್ಕು: ಒಳಗೋ, ಹೊರಗೋ?

ಪ್ರಶ್ನೆ: ಕೊಡಗಿನ ಅಮ್ಮತ್ತಿ ಹತ್ತಿರ ಕಾಫಿ ತೋಟದೊಳಗೆ ನಮ್ಮ ಮನೆ. ಮೂರು ಬೆಕ್ಕುಗಳಿದ್ದವು. ಮೊನ್ನೆ ಭಾನುವಾರ ರಾತ್ರಿ ಹೊರಗೆ ಹೋದ ಒಂದು ಮರಳಿ ಬಂದಿಲ್ಲ. ಈಗಿರುವುದು ಎರಡು ವರ್ಷದ ಗಂಡು, ಏಳು ತಿಂಗಳ ಹೆಣ್ಣು. ಎರಡಕ್ಕೂ ಮರಿಯಾಗದಂತೆ ಮಾಡುವ ಆಪರೇಷನ್ ಆಗಿಲ್ಲ. ಬೆಂಗಳೂರಿನಲ್ಲಿರುವ ಮಗಳು, ಬೆಕ್ಕನ್ನು ಹೊರಗೆ ಬಿಡುವುದೇ ತಪ್ಪು ಅನ್ನುತ್ತಾಳೆ. ಅತ್ತೆಯವರು, ಇಲಿ ಹಿಡಿಯದ ಬೆಕ್ಕು ಯಾಕೆ, ಒಳಗೆ ಕೂಡಿಹಾಕಿದರೆ ಪತ್ತಾಯದ ಭತ್ತ ಉಳಿಯುತ್ತದಾ ಅನ್ನುತ್ತಾರೆ. ಗಂಡು ಬೆಕ್ಕು ವಾರಕ್ಕೊಂದಾದರೂ ಹಕ್ಕಿ ತಂದು ಜಗಲಿಯಲ್ಲಿ ಹಾಕುತ್ತದೆ. ಏನು ಮಾಡುವುದು?

ಉತ್ತರ: ನಿಮ್ಮ ಮಗಳ ಮಾತು ಮುಕ್ಕಾಲು ಪಾಲು ಸರಿ, ಅತ್ತೆಯವರದು ಕಾಲು ಪಾಲು. ಆ ಕಾಲು ಪಾಲನ್ನೂ ತಳ್ಳಿಹಾಕುವ ಹಾಗಿಲ್ಲ. ಬೆಕ್ಕನ್ನು ತೋಟಕ್ಕೆ ಬಿಡಬೇಡಿ, ಭತ್ತವಿರುವ ಸ್ಟೋರಿಗೆ ಬಿಡಿ. ಹೆಣ್ಣು ಬೆಕ್ಕು ಆಪರೇಷನ್ ಆಗಿ ಹೊಲಿಗೆ ಮಾಯುವವರೆಗೆ ಹೊಸಿಲು ದಾಟುವುದೇ ಬೇಡ. ಗಂಡಿಗೂ ಆಪರೇಷನ್, ಲಸಿಕೆ ಎರಡೂ ಆಗಲಿ. ಆಮೇಲೆ ಹಗಲಿಗೆ ಜಾಲರಿ ಹಾಕಿದ ಜಗಲಿ, ರಾತ್ರಿಗೆ ಬಾಗಿಲು ಹಾಕಿದ ಸ್ಟೋರ್. ತಿರುಗಿ ರೂಢಿಯಾದ ಗಂಡು ಇದಕ್ಕೆ ಹೊಂದಿಕೊಳ್ಳುವವರೆಗೆ ಹಗಲು ಹೊರಗೆ ಹೋದರೂ, ಸಂಜೆ ಐದೂವರೆ ದಾಟಿದ ಮೇಲೆ ತೋಟದಲ್ಲಿ ಇರಕೂಡದು. ಇದರಲ್ಲಿ ಯಾವುದಾದರೂ ಒಂದನ್ನು ಮಾತ್ರ ಮಾಡಲು ಸಾಧ್ಯ ಅಂದರೆ ಆಪರೇಷನ್ ಮಾಡಿಸಿ.

ಊರಿನ ಬೆಕ್ಕಿಗೆ ಹೇಳುವ ಮಾತು ತೋಟದ ಬೆಕ್ಕಿಗೆ ಹಾಗೇ ಹೊಂದುವುದಿಲ್ಲ. ಇಲ್ಲಿ ಬೆಕ್ಕನ್ನು ಕೊಲ್ಲುವ ಕಾರಣಗಳೇ ಬೇರೆ. ಎಲ್ಲರಿಗೂ ಮೊದಲು ನೆನಪಾಗುವುದು ಚಿರತೆ. ಅದು ಇದೆ, ಬೆಕ್ಕನ್ನು ಹಿಡಿಯುತ್ತದೆ ಕೂಡ. ಆದರೆ ಚಿರತೆಗಿಂತ ಹೆಚ್ಚು ಭಯಪಡಬೇಕಾದದ್ದು ಹಂದಿಗೆ ಇಟ್ಟ ಉರುಳಿಗೆ. ಬೇಲಿಯ ಸಂದಿಯಲ್ಲಿ, ಹಂದಿ ನುಗ್ಗುವ ದಾರಿಯಲ್ಲಿ ಬೈಕಿನ ಕ್ಲಚ್ ವೈರಿನ ಕುಣಿಕೆ ಕಟ್ಟಿರುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ, ಆದರೂ ಕಟ್ಟುತ್ತಾರೆ. ಬೆಕ್ಕು ಆ ಕುಣಿಕೆಯಲ್ಲಿ ತಲೆ ಮತ್ತು ಒಂದು ಮುಂಗಾಲು ತೂರಿಸಿ ಮುಂದೆ ಹೋಗುತ್ತದೆ, ವೈರು ಸೊಂಟಕ್ಕೋ ಕಂಕುಳಿಗೋ ಬಿಗಿಯುತ್ತದೆ. ಕೂಗುವುದಿಲ್ಲ, ಎಳೆದಾಡಿ ಸುಸ್ತಾಗಿ ಮಲಗಿಬಿಡುತ್ತದೆ. ಉರುಳು ಕಿತ್ತುಕೊಂಡು ಮನೆಗೆ ಬಂದ ಬೆಕ್ಕಿನ ಸೊಂಟದ ಸುತ್ತ ಕೂದಲು ಗೆರೆ ಎಳೆದಂತೆ ಉದುರಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ. ಬಿಗಿದ ಜಾಗದ ಚರ್ಮ ನಾಲ್ಕೈದು ದಿನ ಬಿಟ್ಟು ಕಪ್ಪಾಗಿ ಕಳಚುವುದುಂಟು.

ಆಮೇಲೆ ಹಾವು. ಬೆಕ್ಕು ಹಾವನ್ನು ಕಂಡರೆ ಓಡುವ ಪ್ರಾಣಿಯಲ್ಲ, ಕೈಯಾಡಿಸಿ ನೋಡುವ ಪ್ರಾಣಿ. ಹಾಗಾಗಿ ಕಚ್ಚುವುದು ಹೆಚ್ಚಾಗಿ ಮುಂಗಾಲಿಗೆ, ಮೂತಿಗೆ. ಭಾರತದಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವಿಗೆ ಮಾತ್ರ. ಮಳೆಗಾಲದಲ್ಲಿ ಕಾಫಿ ಗಿಡದ ರೆಂಬೆಯ ಮೇಲೆ, ಮೆಣಸಿನ ಬಳ್ಳಿಯಲ್ಲಿ ಸುತ್ತಿಕೊಂಡಿರುವ ಮಲಬಾರ್ ಗುಳಿಮಂಡಲಕ್ಕೆ ಆ ಮದ್ದು ನಾಟುವುದಿಲ್ಲ. ಕಚ್ಚಿಸಿಕೊಂಡ ಬೆಕ್ಕಿಗೆ ಡ್ರಿಪ್, ನೋವಿನ ಮದ್ದು ಕೊಟ್ಟು ಕಾಯುವುದೇ ಚಿಕಿತ್ಸೆ. ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ನಿಮ್ಮಲ್ಲಿರುವ ಪ್ಯಾರಸಿಟಮಾಲ್ ಮಾತ್ರೆಯನ್ನಂತೂ ಕೊಡಲೇಬೇಡಿ. 500 ಮಿಲಿಗ್ರಾಮಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಅಲುಗಾಡದಂತೆ ಹಿಡಿದುಕೊಂಡು ಹೊರಡಿ.

ತೋಟಕ್ಕೆ ಹೊಡೆಯುವ ಔಷಧಿ ಮೂರನೆಯದು. ಬೆಕ್ಕು ಔಷಧಿ ಕುಡಿಯುವುದಿಲ್ಲ ನಿಜ, ಆದರೆ ಒದ್ದೆ ಎಲೆಯ ಮೇಲೆ ನಡೆದು ಬಂದು ಕಾಲು ನೆಕ್ಕುತ್ತದೆ. ಮೇ-ಜೂನ್‌ನಲ್ಲಿ ಮೆಣಸಿಗೆ ಬೋರ್ಡೋ ದ್ರಾವಣ ಹೊಡೆದಾಗ ಅದರಲ್ಲಿರುವ ಮೈಲುತುತ್ತು ಹೀಗೇ ಹೊಟ್ಟೆಗೆ ಸೇರಿ ವಾಂತಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಕೊರಕ ಹುಳುವಿಗೆ ಹೊಡೆಯುವ ಕ್ಲೋರ್‌ಪೈರಿಫಾಸ್. ಈ ಔಷಧಿಗೆ ಬೆಕ್ಕಿನ ಮೈ ನಾಯಿಗಿಂತ ಬೇಗ ಸೋಲುತ್ತದೆ. ಜೊಲ್ಲು ಸುರಿಯುವುದು, ಮೈ ಅದಿರುವುದು, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾಗುವುದು ಅದರ ಗುರುತು. ಹೀಗೆ ಕಂಡರೆ ಕೈಗೆ ಕವಚ ಹಾಕಿಕೊಂಡು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಮೈ, ಕಾಲು ತೊಳೆಯಿರಿ, ಟವೆಲಿನಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಔಷಧಿ ಹೊಡೆದ ದಿನದಿಂದ ಕನಿಷ್ಠ ಮೂರು ದಿನ ಬೆಕ್ಕು ಒಳಗೇ ಇರಲಿ. ಯಾವ ದಿನ ಯಾವ ಬ್ಲಾಕಿಗೆ ಹೊಡೆಯುತ್ತಾರೆ ಎಂದು ತೋಟದ ಕೆಲಸದ ಲೆಕ್ಕ ನೋಡುವ ರೈಟರಿಗೆ ಮೊದಲೇ ಹೇಳಿ ತಿಳಿದುಕೊಳ್ಳಿ.

ಮನೆಯಲ್ಲಿ ನಾಯಿಯೂ ಇದ್ದರೆ ಇನ್ನೊಂದು ಎಚ್ಚರ. ನಾಯಿಯ ಉಣ್ಣಿಗೆ ಬೆನ್ನ ಮೇಲೆ ಬಿಡುವ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದೇ ಟ್ಯೂಬಿನಲ್ಲಿ ಉಳಿದದ್ದನ್ನು ಬೆಕ್ಕಿಗೂ ಹಾಕಿದರೆ ಕೆಲವೇ ಗಂಟೆಯಲ್ಲಿ ಸೆಳೆತ ಶುರು, ಪ್ರಾಣಕ್ಕೇ ಸಂಚಕಾರ. ಔಷಧಿ ಹಾಕಿದ ನಾಯಿಯ ಮೈಗೆ ಬೆಕ್ಕು ಒರಗಿ ಮಲಗಿದರೂ ಅಪಾಯ. ಬೆಕ್ಕಿಗೆ ಎಂದೇ ಬರೆದಿರುವ ಫಿಪ್ರೊನಿಲ್ ಅಥವಾ ಸೆಲಮೆಕ್ಟಿನ್ ಹನಿಯನ್ನು ತೂಕ ನೋಡಿ ತನ್ನಿ.

ಈಗ ಆಪರೇಷನ್. ಹೆಣ್ಣಿಗೆ ಏಳು ತಿಂಗಳು ಅಂದಿರಿ. ಬೆಕ್ಕು ನಾಲ್ಕು-ಐದು ತಿಂಗಳಿಗೇ ಬೆದೆಗೆ ಬರಬಹುದು, ಗಂಡು ಬೆರೆತ ಮೇಲೆ 63ರಿಂದ 65 ದಿನಕ್ಕೆ ಮರಿ. ಒಂದೇ ಮನೆಯಲ್ಲಿ ಆಪರೇಷನ್ ಆಗದ ಗಂಡೂ ಇರುವುದರಿಂದ ಅದು ಈಗಾಗಲೇ ಗಬ್ಬವಾಗಿರಬಹುದು, ಮೊದಲು ಪರೀಕ್ಷೆ ಮಾಡಿಸಿ. ಮರಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಬೆದೆಗೆ ಬರುವ ಜಾತಿ ಇದು, ಆದ್ದರಿಂದ “ಒಂದು ಸಲ ಮರಿ ಹಾಕಲಿ” ಎಂದು ಕಾಯುವುದರಲ್ಲಿ ಲಾಭವಿಲ್ಲ. ಗಂಡಿಗೆ ಆಪರೇಷನ್ ಆದರೂ ಒಂದು ತಿಂಗಳಿಗೂ ಹೆಚ್ಚು ಕಾಲ ಅದರಿಂದ ಗಬ್ಬ ನಿಲ್ಲಬಹುದು. ಅಷ್ಟು ದಿನ ಎರಡನ್ನೂ ಬೇರೆ ಇಡಿ, ಇಲ್ಲವೇ ಹೆಣ್ಣಿನದನ್ನೇ ಮೊದಲು ಮಾಡಿಸಿ. ಹೆಣ್ಣಿನ ಹೊಲಿಗೆ 10ರಿಂದ 14 ದಿನ ನೆಕ್ಕದಂತೆ, ಒದ್ದೆಯಾಗದಂತೆ ನೋಡಿಕೊಳ್ಳಬೇಕು. ಜುಲೈ ತಿಂಗಳ ತೇವದಲ್ಲಿ ಇದು ಸುಲಭವಲ್ಲ, ಸಾಧ್ಯವಾದರೆ ಮಳೆಗೆ ಮುಂಚೆ ಮುಗಿಸಿ. ಗಂಡು ಬೆಕ್ಕು ದಿನಗಟ್ಟಲೆ ಕಾಣೆಯಾಗುವುದು, ಬೇರೆ ಗಂಡಿನ ಜೊತೆ ಕಚ್ಚಾಡಿ ಬರುವುದು ಆಪರೇಷನ್ ಆದ ಮೇಲೆ ಬಹಳ ಕಡಿಮೆಯಾಗುತ್ತದೆ. ಕಚ್ಚಾಟದ ಗಾಯ ಹೊರಗೆ ಸೂಜಿ ಚುಚ್ಚಿದಷ್ಟೇ ಇರುತ್ತದೆ. ಎರಡು-ಮೂರು ದಿನ ಬಿಟ್ಟು ಕೆನ್ನೆ ಅಥವಾ ಬಾಲದ ಬುಡ ಊದಿ, ಮುಟ್ಟಿದರೆ ಬಿಸಿ, ಊಟ ಬೇಡ ಅನ್ನುತ್ತದೆ. ಒಳಗೆ ಕೀವು ತುಂಬಿದೆ ಎಂದರ್ಥ. ಅರಿಶಿನ ಹಚ್ಚಿದರೆ ಹೋಗುವುದಲ್ಲ, ಕೀವು ತೆಗೆಸಬೇಕು.

ಲಸಿಕೆಯಲ್ಲಿ ಎರಡು ಬಗೆ. ಮೂರು ರೋಗಗಳ ಒಂದು ಲಸಿಕೆಯನ್ನು ಮರಿಗೆ 8 ವಾರಕ್ಕೆ ಶುರುಮಾಡಿ, ಕೊನೆಯ ಸಲದ್ದನ್ನು 16 ವಾರ ತುಂಬಿದ ಮೇಲೆ ಕೊಡುತ್ತಾರೆ. ನಿಮ್ಮ ಬೆಕ್ಕುಗಳು ದೊಡ್ಡವು, ಮೂರು-ನಾಲ್ಕು ವಾರದ ಅಂತರದಲ್ಲಿ ಎರಡು ಸಲ ಸಾಕು. ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ, ಆಮೇಲೆ ವರ್ಷಕ್ಕೊಮ್ಮೆ. ಹೊರಗೆ ತಿರುಗಿದ, ಲಸಿಕೆ ಆಗದ ಬೆಕ್ಕು ಮನೆಯವರನ್ನೇ ಪರಚಿ ರಕ್ತ ಬಂದರೂ ಅದನ್ನು ನಾಯಿ ಕಡಿತದಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಸುರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಮದ್ದಿಲ್ಲ.

ಇನ್ನು ಅತ್ತೆಯವರ ಭತ್ತದ ವಿಷಯ. ಬೆಕ್ಕು ಇಲಿಮರಿ, ಸಣ್ಣ ಇಲಿಯನ್ನು ಚೆನ್ನಾಗಿ ಹಿಡಿಯುತ್ತದೆ. ದೊಡ್ಡ ಇಲಿ, ಹೆಗ್ಗಣದ ಗೊಡವೆಗೆ ಹೆಚ್ಚು ಹೋಗುವುದಿಲ್ಲ. ನ್ಯೂಯಾರ್ಕಿನ ಒಂದು ಕಸ ಸಂಸ್ಕರಣಾ ಘಟಕದಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದಾಗ ಅಲ್ಲಿದ್ದ ಬೀದಿಬೆಕ್ಕುಗಳು ಕೊಂದ ಇಲಿ ಎರಡೇ ಎರಡು. ಬೆಕ್ಕಿನ ವಾಸನೆಗೆ ಇಲಿಗಳು ಅಡಗುತ್ತವೆ, ಕಡಿಮೆಯಾಗುವುದಿಲ್ಲ. ಆದ್ದರಿಂದ ಬೆಕ್ಕನ್ನು ಕಾವಲಿಗೆ ಇಟ್ಟುಕೊಳ್ಳಿ, ಆದರೆ ತಡೆ ಹಾಕುವ ಕೆಲಸ ನೀವು ಮಾಡಿ. ಸ್ಟೋರಿನ ಗೋಡೆ, ಬಾಗಿಲ ಅಡಿ, ಪೈಪಿನ ಸುತ್ತ ಕಿರುಬೆರಳು ತೂರುವ ಸಂದಿ ಇದ್ದರೂ ಸಣ್ಣ ಇಲಿಗೆ ಅದು ಹೆದ್ದಾರಿ. ಅಂಥ ಸಂದಿಗೆ ಬರೀ ಸಿಮೆಂಟ್ ಹಾಕಿದರೆ ಕೊರೆದುಬಿಡುತ್ತದೆ, ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ತುರುಕಿ ಅದರ ಮೇಲೆ ಸಿಮೆಂಟ್ ಮೆತ್ತಿ. ಬಾಗಿಲ ಕೆಳಗೆ ತಗಡಿನ ಪಟ್ಟಿ ಹೊಡೆಯಿರಿ. ಚೀಲಗಳನ್ನು ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ ಜೋಡಿಸಿ. ಹೀಗೆ ಸುತ್ತ ದಾರಿ ಬಿಟ್ಟರೆ ಇಲಿಗೆ ಮರೆಯಿಲ್ಲ, ಬೆಕ್ಕಿಗೆ ಓಡಾಡಲು ಜಾಗ. ಹಂಚಿನ ಮೇಲೆ ಬಾಗಿದ ಕೊಂಬೆಗಳನ್ನು ಮೂರು ಅಡಿ ದೂರಕ್ಕೆ ಕಡಿಸಿ.

ಬೆಕ್ಕಿರುವ ಮನೆಯಲ್ಲಿ ಇಲಿಪಾಷಾಣ ಬೇಡ. ಬ್ರೋಮಡಿಯೋಲೋನ್ ಬಿಲ್ಲೆ ತಿಂದ ಇಲಿ ತಕ್ಷಣ ಸಾಯುವುದಿಲ್ಲ, ಮೂರು-ನಾಲ್ಕು ದಿನ ಹಗಲಲ್ಲೇ ತೂರಾಡಿಕೊಂಡು ಓಡಾಡುತ್ತದೆ. ಅಂಥ ಇಲಿ ಬೆಕ್ಕಿಗೆ ಸುಲಭದ ತುತ್ತು. ಬೆಕ್ಕಿನ ವಸಡು ಬಿಳಿಚಿಕೊಂಡು, ಏದುಸಿರು ಬಿಟ್ಟರೆ ಒಳಗೆ ರಕ್ತ ಸೋರುತ್ತಿರಬಹುದು. ಇದಕ್ಕೆ ವಿಟಮಿನ್ ಕೆ1 ಮದ್ದಿದೆ, ವಾರಗಟ್ಟಲೆ ಕೊಡಬೇಕಾಗುತ್ತದೆ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡಿಗೆ ಪ್ರತಿಮದ್ದೇ ಇಲ್ಲ. ಇಲಿಬೋನು ಇಡಿ, ಒಣಮೀನಿನ ತುಂಡು ಕಟ್ಟಿ. ಆ ಬೋನಿನ ಹತ್ತಿರ ಬೆಕ್ಕು ಬಾರದಂತೆ ಅದರ ಮೇಲೊಂದು ಹಣ್ಣಿನ ಕ್ರೇಟ್ ಬೋರಲು ಹಾಕಿ ಕಲ್ಲು ಹೇರಿ.

ಜಾಲರಿ ಜಗಲಿ ಕಟ್ಟುವುದು ಎರಡು ದಿನದ ಕೆಲಸ. ಜಗಲಿಯ ಒಂದು ಮೂಲೆಯಲ್ಲಿ 8 ಅಡಿ ಉದ್ದ, 5 ಅಡಿ ಅಗಲ ಸಾಕು, ಎತ್ತರ ಮಾಡಿನವರೆಗೂ ಹೋಗಲಿ. ಬೆಕ್ಕಿಗೆ ನೆಲದ ಅಗಲಕ್ಕಿಂತ ಹತ್ತುವ ಎತ್ತರ ಮುಖ್ಯ. ಕಂಬಕ್ಕೆ ಒಂದೂವರೆ ಇಂಚಿನ ಜಿ.ಐ. ಪೈಪು ತನ್ನಿ. ತೋಟದಲ್ಲಿ ಸಿಲ್ವರ್ ಓಕ್ ಇದೆಯೆಂದು ಅದರ ಗಳ ನೆಟ್ಟರೆ ಗೆದ್ದಲಿಗೆ ಊಟ. ಕೋಳಿಗೂಡಿಗೆ ಹಾಕುವ ತೆಳು ಬಲೆ ಬೇಡ. ನಾಯಿ ಒಮ್ಮೆ ಹಾರಿ ಬಿದ್ದರೆ ಹರಿಯುತ್ತದೆ, ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಪುಡಿಯಾಗುತ್ತದೆ. ಒಂದಿಂಚು ಕಣ್ಣಿನ ವೆಲ್ಡ್ ಮೆಶ್ ಹಾಕಿ, ಕೆಳಗಿನ ಎರಡು ಅಡಿಗೆ ಹಾವು ನುಸುಳದಂತೆ ಅರ್ಧ ಇಂಚು ಕಣ್ಣಿನದನ್ನು ಅದರ ಮೇಲೇ ಬಿಗಿಯಿರಿ. ಬುಡಕ್ಕೆ ನಾಲ್ಕಿಂಚಿನ ಸಿಮೆಂಟ್ ಕಟ್ಟೆ. ಒಳಗೆ ಒಂದಡಿ ಅಗಲದ ಹಲಗೆಗಳನ್ನು 2, 4, 5 ಅಡಿ ಎತ್ತರದಲ್ಲಿ ಮೆಟ್ಟಿಲಿನ ಹಾಗೆ ಕೊಡಿ. ಮಳೆ ಯಾವ ಕಡೆಯಿಂದ ಇರಚುತ್ತದೋ ಆ ಕಡೆ ಟಾರ್ಪಾಲನ್ನು ಸುತ್ತಿ ಮೇಲೆ ಕಟ್ಟಿಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಳಿಬಿಟ್ಟರಾಯಿತು. ಜಗಲಿಯಿಂದ ಸ್ಟೋರಿಗೆ ಏಳಿಂಚು ಚೌಕದ ಕಿಂಡಿ, ಅದಕ್ಕೊಂದು ಚಿಲಕ. ಜನ ಓಡಾಡುವ ಬಾಗಿಲು ಒಳಮುಖವಾಗಿ ತೆರೆಯಲಿ. ಹೊರಮುಖವಾಗಿದ್ದರೆ ನೀವು ಬಾಗಿಲು ಎಳೆದ ಕ್ಷಣಕ್ಕೇ ಅದು ಕಾಲ ಸಂದಿಯಲ್ಲಿ ಪಾರು.

ಮಲದ ಟ್ರೇ ಬೆಕ್ಕಿನ ಲೆಕ್ಕಕ್ಕಿಂತ ಒಂದು ಹೆಚ್ಚು ಇರಲಿ, ನಿಮಗೆ ಮೂರು. ಮೂತಿಯಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಉದ್ದವಿರಬೇಕು. ಪೇಟೆಯ ಟ್ರೇಗಳು ಸಾಮಾನ್ಯವಾಗಿ ಚಿಕ್ಕವು, ಅಗಲದ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿ ಕತ್ತರಿಸಿದರೆ ಅದಕ್ಕಿಂತ ಚೆನ್ನ. ಎರಡೂವರೆ ಇಂಚು ಆಳಕ್ಕೆ ನಯವಾದ ಮರಳು ಹಾಕಿ. ಮಳೆಗಾಲಕ್ಕೆ ಬೇಕಾದ ನಾಲ್ಕೈದು ಚೀಲ ಮರಳನ್ನು ಏಪ್ರಿಲ್‌ನಲ್ಲೇ ಕಣದಲ್ಲಿ ಒಣಗಿಸಿ ಕಟ್ಟಿಡಿ. ಒದ್ದೆ ಮರಳಿಗೆ ಬೆಕ್ಕು ಕಾಲಿಡದೆ ನಿಮ್ಮ ಹಾಸಿಗೆಯ ಮೂಲೆ ಹುಡುಕುತ್ತದೆ. ಪುಕ್ಕಟೆ ಸಿಗುತ್ತದೆಂದು ಕಾಫಿ ಸಿಪ್ಪೆ ಹಾಕಬೇಡಿ. ಅದರಲ್ಲಿ ಕೆಫೀನ್ ಇದೆ, ಕೆಫೀನ್ ಬೆಕ್ಕಿಗೆ ವಿಷ, ಜೊತೆಗೆ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಮಲವನ್ನು ದಿನವೂ ತೆಗೆಯಿರಿ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಮೊಟ್ಟೆ ಸೋಂಕು ತಗುಲಿಸುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು, ಅಷ್ಟರೊಳಗೆ ತೆಗೆದರೆ ಅಪಾಯವಿಲ್ಲದಂತೆಯೇ. ಬಸುರಿಯರು ಆ ಕೆಲಸ ಮಾಡದಿರಲಿ.

ಒಳಗಿಡುವುದರಿಂದ ತೊಂದರೆಯೇ ಇಲ್ಲ ಅನ್ನುವ ಹಾಗಿಲ್ಲ. ಬೊಜ್ಜು ಬರುತ್ತದೆ, ಗಂಡಿಗೆ ಮೂತ್ರ ಕಟ್ಟುತ್ತದೆ. ಗಂಡು ಬೆಕ್ಕು ಟ್ರೇಯಲ್ಲಿ ಪದೇ ಪದೇ ಕೂತು ತಿಣುಕಿ, ಹನಿಯೂ ಬರದಿದ್ದರೆ ಮಲಬದ್ಧತೆ ಎಂದು ಹರಳೆಣ್ಣೆ ಕುಡಿಸಬೇಡಿ. ಮೂತ್ರನಾಳ ಕಟ್ಟಿದ್ದರೆ ಒಂದೆರಡು ದಿನದಲ್ಲೇ ಸಾಯಬಹುದು, ರಾತ್ರಿಯಾದರೂ ಹೊರಡಿ. ಇದು ಬಾರದಂತೆ ನೀರಿನ ಅಂಶವಿರುವ ಊಟ ಕೊಡಿ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲೊರಿ ಬೇಕು. 30 ಗ್ರಾಂ ಪ್ಯಾಕೆಟ್ ಆಹಾರ, 70 ಗ್ರಾಂ ಬೇಯಿಸಿದ ಕೋಳಿ ಅಥವಾ ಮೀನು, ಅದು ಬೆಂದ ನೀರಿನ ಸಮೇತ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಹಾಲು-ಅನ್ನ ಬೆಕ್ಕಿನ ಊಟವಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಪಂದಿಕರಿಯ (ಹಂದಿ ಮಾಂಸದ ಸಾರಿನ) ತುಂಡಂತೂ ಬೇಡ, ಅದರಲ್ಲಿ ಅರೆದ ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣ ಒಡೆಯುತ್ತವೆ. ಅಂಗಳದಲ್ಲಿ ಆಂಥೂರಿಯಂ ಇದ್ದರೆ ಕಡಿದ ಬಾಯಿ ಉರಿಯುತ್ತದೆ, ಅಷ್ಟೇ. ಲಿಲ್ಲಿ ಇದ್ದರೆ ಕುಂಡದ ಸಮೇತ ಆಚೆಗೆ ಕೊಡಿ. ನಿಜವಾದ ಲಿಲ್ಲಿಯ ಎಲೆ ಇರಲಿ, ಮೈಗೆ ಅಂಟಿದ ಪರಾಗ ನೆಕ್ಕಿದರೂ ಮೂತ್ರಪಿಂಡ ಕೈಕೊಡುತ್ತದೆ.

ತಿರುಗಿ ರೂಢಿಯಾದ ಗಂಡನ್ನು ಒಳಗೆ ತರಲು ಮಳೆ ಶುರುವಾಗುವ ಜೂನ್ ಒಳ್ಳೆಯ ಕಾಲ, ಅದಕ್ಕೂ ಆಗ ಹೊರಗೆ ಹೋಗಲು ಮನಸ್ಸಿರುವುದಿಲ್ಲ. ಇಡೀ ದಿನ ತಟ್ಟೆಯಲ್ಲಿ ಊಟ ಇಡುವುದನ್ನು ನಿಲ್ಲಿಸಿ. ಬೆಳಿಗ್ಗೆ ಏಳಕ್ಕೆ ಸ್ವಲ್ಪ, ಸಂಜೆ ಐದೂಕಾಲಕ್ಕೆ ಹೆಚ್ಚು. ದಿನವೂ ಅದೇ ತಟ್ಟೆಗೆ ಅದೇ ಚಮಚದಲ್ಲಿ ಬಡಿಯಿರಿ, ವಾರದಲ್ಲಿ ಆ ಸದ್ದಿಗೆ ಓಡಿಬರುತ್ತದೆ. ತಿನ್ನುವಾಗ ಬಾಗಿಲು ಹಾಕಿ. ಮೊದಲ ವಾರ ಬೆಳಗಿನ ಜಾವ ನಾಲ್ಕಕ್ಕೆ ಬಾಗಿಲು ಕೆರೆದು ಕೂಗುತ್ತದೆ. ಹತ್ತು ದಿನ ತಡೆದು ಹನ್ನೊಂದನೇ ದಿನ ಸೋತು ಬಾಗಿಲು ತೆರೆದಿರೋ, ಹತ್ತು ದಿನ ಕೂಗಿದರೆ ಬಾಗಿಲು ತೆರೆಯುತ್ತಾರೆ ಎಂದು ಅದು ಕಲಿಯುತ್ತದೆ. ಮೂರು-ನಾಲ್ಕು ವಾರಕ್ಕೆ ಹೊಂದಿಕೊಳ್ಳುತ್ತದೆ. ಚಳಿಗೆ ಅದು ಬಚ್ಚಲೊಲೆಯ ಬೂದಿಯಲ್ಲಿ ಮಲಗುವುದುಂಟು, ಬೆಂಕಿ ಹಚ್ಚುವ ಮುಂಚೆ ಒಲೆಯೊಳಗೆ ಟಾರ್ಚ್ ಹಾಕಿ ನೋಡಿ. ಜೀಪ್ ಹೊರಡಿಸುವ ಮುಂಚೆ ಬಾನೆಟ್ ಮೇಲೆ ಎರಡು ಏಟು ಬಡಿಯಿರಿ.

ಹಕ್ಕಿಗಳ ವಿಷಯದಲ್ಲಿ ಕೊಡಗಿನ ತೋಟದವರಿಗೆ ಜವಾಬ್ದಾರಿ ಹೆಚ್ಚು. ಮರದ ನೆರಳಲ್ಲಿ ಬೆಳೆಯುವ ಕಾಫಿ ಅಂದರೆ ಅರ್ಧ ಕಾಡು. ಕೆಮ್ಮೀಸೆ ಪಿಕಳಾರ ಗೂಡು ಕಟ್ಟುವುದು ಕಾಫಿ ಗಿಡದ ಎದೆಮಟ್ಟದಲ್ಲಿ. ಚಳಿಗಾಲಕ್ಕೆ ಬರುವ ನವರಂಗ ಮೇಯುವುದು ತರಗೆಲೆಯ ನೆಲದಲ್ಲಿ. ಎರಡೂ ಬೆಕ್ಕಿನ ಕೈಗೆಟುಕುವ ಎತ್ತರವೇ. ಮರಿಗಳು ರೆಕ್ಕೆ ಬಲಿಯುವ ಮುಂಚೆ ಗೂಡಿನಿಂದ ಇಳಿದು ಒಂದೆರಡು ದಿನ ಗಿಡದ ಬುಡದಲ್ಲಿ ಕುಪ್ಪಳಿಸುತ್ತವೆ. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆಯಿಂದ ಮುಂಗಾರಿನವರೆಗಿನ ಆ ದಿನಗಳಲ್ಲಿ ನಿಮ್ಮ ಗಂಡು ಹಗಲೂ ತೋಟಕ್ಕೆ ಇಳಿಯದಿರಲಿ. ಜಗಲಿಗೆ ಬಂದು ಬೀಳುವುದು ಅದು ಕೊಂದದ್ದರಲ್ಲಿ ಒಂದು ಪಾಲು ಮಾತ್ರ, ಉಳಿದದ್ದು ಅಲ್ಲೇ ಬಿದ್ದಿರುತ್ತದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಹಳೆಯದು, ಕಟ್ಟಿದರೂ ಏನಾದೀತು ಎಂಬುದು ಈಗಿನ ಪ್ರಶ್ನೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಟೆಯಿಂದ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾಂಸದ ಅಂಶ ಹೆಚ್ಚಿರುವ ಊಟ ಕೊಟ್ಟಾಗ ಮನೆಗೆ ತರುವ ಬೇಟೆ 36%, ದಿನಕ್ಕೆ ಐದು-ಹತ್ತು ನಿಮಿಷ ಆಟ ಆಡಿಸಿದಾಗ 25% ಇಳಿಯಿತು. ಕೋಲಿಗೆ ಕೋಳಿ ಪುಕ್ಕ ಕಟ್ಟಿ ಸಂಜೆ ಊಟಕ್ಕೆ ಮುಂಚೆ ಆಡಿಸಿ, ಕೊನೆಗೆ ಅದು ಪುಕ್ಕ ಹಿಡಿಯಲು ಬಿಡಿ. ಕೊರಳಿಗೆ ಪಟ್ಟಿ ಹಾಕುವುದಾದರೆ ಎಳೆದಾಗ ತಾನೇ ಬಿಚ್ಚಿಕೊಳ್ಳುವಂಥದ್ದನ್ನು, ಎರಡು ಬೆರಳು ತೂರುವಷ್ಟು ಸಡಿಲವಾಗಿ ಹಾಕಿ. ಬಿಗಿ ಬಕಲಿನ ಪಟ್ಟಿ ಕಾಫಿ ರೆಂಬೆಗೆ ಸಿಕ್ಕಿದರೆ ನೇಣಾಗುತ್ತದೆ.

ಕಾಣೆಯಾದ ಬೆಕ್ಕಿನ ಆಸೆ ಇನ್ನೂ ಬಿಡಬೇಡಿ. ಕಳೆದುಹೋದ ಬೆಕ್ಕುಗಳ ಬಗ್ಗೆ 2018ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಸಿಕ್ಕವುಗಳಲ್ಲಿ ಮುಕ್ಕಾಲು ಪಾಲು 500 ಮೀಟರ್ ಒಳಗೇ ಇದ್ದವು. ಹೆದರಿದ, ಗಾಯವಾದ ಬೆಕ್ಕು ಹೆಸರು ಕೂಗಿದರೆ ಓಗೊಡುವುದಿಲ್ಲ. ರಾತ್ರಿ ಹತ್ತರ ಮೇಲೆ ಇಬ್ಬರು ಟಾರ್ಚ್ ಹಿಡಿದು, ಬೆಳಕನ್ನು ಕಣ್ಣಮಟ್ಟಕ್ಕೆ ಹಿಡಿದುಕೊಂಡು ಕಾಫಿ ಸಾಲಿನ ನಡುವೆ ನಿಧಾನ ನಡೆಯಿರಿ, ಕಣ್ಣು ಹಸಿರಾಗಿ ಹೊಳೆಯುತ್ತದೆ. ಆನೆ ಬಂದಿರುವ ಸುದ್ದಿಯಿದ್ದರೆ ಆ ರಾತ್ರಿ ಬೇಡ. ಪಂಪ್‌ಹೌಸ್, ಗೊಬ್ಬರದ ಗೋಡೌನ್, ಖಾಲಿ ಬಿದ್ದ ಲೈನ್ ಮನೆ (ಕೆಲಸದವರ ಸಾಲುಮನೆ), ಭಾನುವಾರ ಬೀಗ ಹಾಕಿದ್ದ ಜಾಗಗಳನ್ನೆಲ್ಲ ತೆರೆಸಿ ನೋಡಿ. ಹಗಲಲ್ಲಿ ಬೇಲಿಯ ಗುಂಟ ಉರುಳು ಹುಡುಕಿ, ಕಂಡದ್ದನ್ನು ಕತ್ತರಿಸಿ ಅರಣ್ಯ ಇಲಾಖೆಗೆ ತಿಳಿಸಿ. ರಾತ್ರಿ ಅದರ ಹಳೆಯ ಹಾಸಿಗೆಯನ್ನು ಮಾಡಿನಡಿ ಹಾಕಿ, ಸ್ಟೋರಿನ ಹೊರಗಿನ ಬಾಗಿಲನ್ನು ಗೇಣುದ್ದ ತೆರೆದು, ಒಣಮೀನು ಸುಟ್ಟು ಇಡಿ. ಉಳಿದೆರಡನ್ನು ಮಾತ್ರ ಆ ರಾತ್ರಿ ಬೇರೆ ಕೋಣೆಯಲ್ಲಿ ಹಾಕಿ ಚಿಲಕ ಹಾಕಿಕೊಳ್ಳಿ.